ಯಾರೂ ಕೇಳದ ಪ್ರಮಾಣಪತ್ರ

ಮಕ್ಕಳೇ, ನಿಮಗೊಂದು ಮಾತು.

ಎಂಟನೆಯ ತರಗತಿಯಲ್ಲಿ ನಾನು ಪ್ರತಿಭಾ ಕಾರಂಜಿಯ ಭಾಷಣಕ್ಕೆ ಹೆಸರು ಕೊಟ್ಟದ್ದು ಪ್ರಮಾಣಪತ್ರದ ಆಸೆಗೆ. ಬೇರೆಯವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಎರಡನೆಯ ಬಹುಮಾನ ಪಡೆದೆ. ಇಂದು ಅದರ ಒಂದು ವಾಕ್ಯವೂ ನೆನಪಿಲ್ಲ. ಇಂಜಿನಿಯರಿಂಗ್ ಸೀಟಿಗೆ ಪಿಯುಸಿ, ಸಿಇಟಿ ಅಂಕ ನೋಡಿದರು. ಆ ಪತ್ರವನ್ನು ಯಾರೂ ಕೇಳಲಿಲ್ಲ. ಕ್ರೀಡೆ, ಎನ್‌ಸಿಸಿಗೆ ಮೀಸಲು ಸೀಟುಗಳಿವೆ, ನಿಜ. ಆದರೆ ಅವು ಕೆಲವೇ ಕೆಲವು.

ಅದೇ ವರ್ಷ ಗೆಳೆಯನೊಡನೆ ಕಾಳಿ ನದಿಯ ದಂಡೆಯಲ್ಲಿ ಹಕ್ಕಿ ನೋಡುವ ಹುಚ್ಚು ಹತ್ತಿತು. ಮರದ ಪೊಟರೆಯೊಳಗೆ ಕುಳಿತ ಹೆಣ್ಣು ಮಂಗಟ್ಟೆ ಹಕ್ಕಿಗೆ ಗಂಡು ಹಣ್ಣು ತಂದುಕೊಡುವುದನ್ನು ಗಂಟೆಗಟ್ಟಲೆ ನೋಡಿ ಪಟ್ಟಿಯಲ್ಲಿ ಬರೆದಿಡುತ್ತಿದ್ದೆವು. ವಿಜ್ಞಾನದ ಮಾಸ್ತರರು ಅದನ್ನು ಓದಿ, "ಕಂಡದ್ದನ್ನಷ್ಟೇ ಬರೆ, ಊಹೆ ಬೇಡ" ಎಂದಿದ್ದರು. ಪ್ರೋಗ್ರಾಮಿನ ತಪ್ಪು ಹುಡುಕುವಾಗ ಇಂದಿಗೂ ನನ್ನ ಕೈ ಹಿಡಿಯುವುದು ಆ ಮಾತೇ.

ಈಗ ಕೈಗಾ ಸ್ಥಾವರದ ಸುತ್ತ ಹಕ್ಕಿ ಗಣತಿಯೂ ನಡೆಯುತ್ತದೆ. ಅದಿರಲಿ, ಯಕ್ಷಗಾನವಿರಲಿ, ಕಬಡ್ಡಿಯಿರಲಿ, ಹೆಸರು ಕೊಡುವ ಮುನ್ನ ಕೇಳಿಕೊಳ್ಳಿ: ಪ್ರಮಾಣಪತ್ರ ಕೊಡದಿದ್ದರೂ ನಾನು ಹೋಗುತ್ತಿದ್ದೆನೇ?

ಪಾಲಕರೇ, ಮಕ್ಕಳು ಮನೆಗೆ ಬಂದಾಗ "ಏನು ಸಿಕ್ಕಿತು?" ಎನ್ನಬೇಡಿ. "ಇವತ್ತು ಏನು ನೋಡಿದೆ?" ಎಂದು ಕೇಳಿ.