ಯಾರನ್ನು ಕೇಳಬೇಕು?



ನಾನೀಗ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ಜೆ.ಪಿ. ಅಂದರೆ ಜಯಪ್ರಕಾಶ ನಾರಾಯಣರು. ಆರಿಸಿ ಕಳಿಸಿದವರು ಸರಿಯಾಗಿ ನಡೆಯದಿದ್ದರೆ ವಾಪಸ್ ಕರೆಸುವ ಹಕ್ಕು ಜನರಿಗಿರಬೇಕು ಎಂದವರು. ಅವರ ಹೆಸರಿನ ಬಡಾವಣೆಯಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ, ವರ್ಷಗಟ್ಟಲೆ ವಾಪಸ್ ಕರೆಸೋಣವೆಂದರೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ! 'ಪ್ರತಿನಿಧಿಗಳೇ ಏಕೆ ಬೇಕು, ದೇಶದ ದೊಡ್ಡ ನಿರ್ಧಾರಗಳನ್ನೆಲ್ಲ ಜನರೇ ಮೊಬೈಲಿನಲ್ಲಿ ವೋಟು ಹಾಕಿ ಮಾಡಲಿ' ಎಂದು ನನ್ನ ಕಸುಬಿನ ಹುಡುಗರು ಹೇಳುವುದುಂಟು. ನಾನು ಒಪ್ಪುವುದಿಲ್ಲ.

ನಮ್ಮ ರಾಜ್ಯವನ್ನೇ ನೋಡಿ. 1956ರ ನವೆಂಬರ್ 1ರಂದು ನಾಡು ಒಂದಾದದ್ದು ಸಂಸತ್ತಿನ ಕಾಯ್ದೆಯಿಂದ, ಜನಮತಗಣನೆಯಿಂದಲ್ಲ. ಹಳೇ ಮೈಸೂರಿನಲ್ಲಿ ಏಕೀಕರಣ ಬೇಡ ಎನ್ನುವವರ ದೊಡ್ಡ ಗುಂಪೇ ಇತ್ತು. ಕೆಂಗಲ್ ಹನುಮಂತಯ್ಯನವರು ತಮ್ಮವರದೇ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು. ಅಂದು ಮೈಸೂರಿನಲ್ಲಿ ಮತ ಹಾಕಿಸಿದ್ದರೆ ಏನಾಗುತ್ತಿತ್ತೋ, ಯಾರು ಬಲ್ಲರು!

ಅದೇ ದಿನ, ಅದೇ ಕಾಯ್ದೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು. ಅಲ್ಲಿನವರ ಮತ ಕೇಳಲಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು. ವರದಿ ಜಾರಿಯಾಗಲಿಲ್ಲ.

ಆ ವರ್ಷವೇ ಜನವರಿ 16ರಂದು ಗೋವಾದವರನ್ನು ಮಾತ್ರ ಕೇಳಿದರು: ಮಹಾರಾಷ್ಟ್ರಕ್ಕೆ ಸೇರುತ್ತೀರೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುತ್ತೀರೋ? ಉಳಿಯುತ್ತೇವೆ ಎಂದವರು 1,72,191. ಸೇರುತ್ತೇವೆ ಎಂದವರು 1,38,170. ಸ್ವಾರಸ್ಯ ಮುಂದಿದೆ. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ, ವಿಲೀನ ಬೇಕೆಂದಿದ್ದ ದಯಾನಂದ ಬಾಂದೋಡ್ಕರರ ಪಕ್ಷವೇ ಮತ್ತೆ ಅಧಿಕಾರಕ್ಕೆ ಬಂತು! ಆಳಲು ನೀವೇ ಆಗಬಹುದು, ಆದರೆ ನಮ್ಮ ನೆಲವನ್ನು ಬೇರೆ ರಾಜ್ಯಕ್ಕೆ ಸೇರಿಸಲು ನಿಮಗೆ ಒಪ್ಪಿಗೆ ಕೊಟ್ಟಿಲ್ಲ ಎಂದು ಜನ ಹೇಳಿದಂತಾಯಿತು.

ಹಾಗೆಂದು ಎಲ್ಲಕ್ಕೂ ಹೌದು-ಇಲ್ಲ ಎಂಬ ಎರಡೇ ಬಟನ್ ಸಾಲದು. ಐರೋಪ್ಯ ಒಕ್ಕೂಟ ಬಿಡೋಣವೆಂದು 2016ರಲ್ಲಿ ಬ್ರಿಟನ್ನಿನ ಶೇ. 51.9 ಮತದಾರರು ಹೇಳಿದರು. ಹೇಗೆ ಬಿಡಬೇಕೆಂದು ಮತಪತ್ರದಲ್ಲಿರಲಿಲ್ಲ. ಇಬ್ಬರು ಪ್ರಧಾನಿಗಳು ರಾಜೀನಾಮೆ ಕೊಟ್ಟ ಮೇಲೆ, 2020ರ ಜನವರಿಯಲ್ಲಿ ಆ ದೇಶ ಹೊರಬಂತು.

ತೆರಿಗೆ, ಒಪ್ಪಂದ, ಬಜೆಟ್ಟುಗಳನ್ನು ಪ್ರತಿನಿಧಿಗಳೇ ಕೂತು ಚರ್ಚಿಸಲಿ, ತಪ್ಪಿದರೆ ತಿದ್ದಲಿ. ಒಂದು ಊರಿನ ರಾಜ್ಯವೇ ಬದಲಾಗುವಾಗ ಆ ಊರಿನವರನ್ನು ಕೇಳಲೇಬೇಕು. ಅವರನ್ನಷ್ಟೇ. ಇಡೀ ಕರ್ನಾಟಕವನ್ನೋ ಇಡೀ ಕೇರಳವನ್ನೋ ಕೇಳಿದರೆ ಉತ್ತರ ಕೇಳುವ ಮೊದಲೇ ಗೊತ್ತು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟರು ನೇಮಕವಾದಾಗ ಅಲ್ಲಿನ ಮಕ್ಕಳು ಪಾಲಕರೊಂದಿಗೆ ಪ್ರತಿಭಟನೆಗೆ ಕೂರಬೇಕಾಯಿತು. ನಮ್ಮ ಈ ಶಾಲೆಯ ಮಕ್ಕಳಿಗೆ ಐವತ್ತು ವರ್ಷಗಳಲ್ಲಿ ಒಮ್ಮೆಯೂ ಆ ಕಷ್ಟ ಬಂದಿಲ್ಲ.