ಬಿಡುವಿನ ಪದರಗಳು: ರೀಮಿಕ್ಸ್ ಕಿವಿಯಲ್ಲಿ ಕುಮಾರರಾಮನ ಕತೆ



ಕುಮ್ಮಟದುರ್ಗದ ಕುಮಾರರಾಮನ ಕತೆ ತಿರುವು ಪಡೆಯುವುದು ಒಂದು ಆಟದಲ್ಲಿ. ಚೆಂಡಾಡುವಾಗ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅವನು ಒಲ್ಲೆನೆಂದ ಮೇಲೆ ಅವಳ ದೂರು, ತಂದೆ ಕಂಪಿಲರಾಯ ವಿಧಿಸಿದ ಮರಣದಂಡನೆ, ಮಂತ್ರಿ ಬೈಚಪ್ಪನ ಉಪಾಯ. ಇದನ್ನೇ ನಂಜುಂಡ ಕವಿ 16ನೆಯ ಶತಮಾನದಲ್ಲಿ ಸಾಂಗತ್ಯಕ್ಕೆ ತಂದ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆಯಲ್ಲಿ ಹಾಡಿದರು. ಬಯಲಾಟದವರು ರಂಗಕ್ಕೇರಿಸಿದರು. ಎಲ್ಲ ಕಡೆಯೂ ಬೀಳುವ ಚೆಂಡು ಅದೇ. ಬೀಳುವ ತನಕ ಕೇಳುಗರನ್ನು ಕಾಯಿಸುವ ಬಗೆ ಬೇರೆ ಬೇರೆ.

ಇಂಥ ಮರುಕಟ್ಟೋಣವನ್ನು ಅರಿಯಲು ರೀಮಿಕ್ಸ್ ನಮಗೊಂದು ದಾರಿ ತೋರುತ್ತದೆ. 1970ರ ದಶಕದಲ್ಲಿ ಜಮೈಕಾದ ಧ್ವನಿತಂತ್ರಜ್ಞ ಕಿಂಗ್ ಟಬ್ಬಿ, ಧ್ವನಿಮುದ್ರಿಸಿದ ಹಾಡಿನಲ್ಲಿ ಗಾಯಕನ ದನಿಯನ್ನು ತಗ್ಗಿಸಿ ಡ್ರಮ್ಮನ್ನೂ ಬಾಸನ್ನೂ ಮುಂದೆ ತಂದ. ಅಲ್ಲಿಯವರೆಗೆ ಹಿಂದೆ ಇದ್ದವರು ಕೇಳಿಸತೊಡಗಿದರು.

ಬಿಡುವಿನ ಅಧ್ಯಯನಕ್ಕೆ ಬೇಕಿರುವುದು ಈ ಕೈಚಳಕ. ಉಳ್ಳವರ ಬಿಡುವಿನ ಬಗ್ಗೆ 1899ರಲ್ಲಿ ಅರ್ಥಶಾಸ್ತ್ರಜ್ಞ ವೆಬ್ಲೆನ್ ಬರೆದ, ಆಟದ ಬಗ್ಗೆ 1938ರಲ್ಲಿ ಇತಿಹಾಸಕಾರ ಹೊಯ್ಸಿಂಗ ಬರೆದ. ಇಬ್ಬರನ್ನೂ ಓದಲೇಬೇಕು. ಆದರೆ ಅವರಲ್ಲಿ ಮುಂದೆ ನಿಂತಿರುವುದು ಬಿಡುವು ಉಂಡವರು, ಆಟ ಆಡಿದವರು. ಆ ದನಿಯನ್ನು ಸ್ವಲ್ಪ ತಗ್ಗಿಸಿ ನೋಡೋಣ.

ಬುಡ್ಗಜಂಗಮ ಎಂಬ ಅಲೆಮಾರಿ ಸಮುದಾಯದ ಈರಮ್ಮ 2014ರಲ್ಲಿ ತೀರಿಕೊಂಡರು. ಅವರು ಹಾಡಿದ ರಾತ್ರಿ, ಕತೆ ಕೇಳಲು ಕೂತವರಿಗೆ ಬಿಡುವು. ಈರಮ್ಮನವರಿಗೆ ಅದೇ ದುಡಿಮೆ, ಹೊಟ್ಟೆಪಾಡು. ಒಂದೇ ರಾತ್ರಿಯ ಈ ಎರಡು ಪದರಗಳನ್ನು ಬಿಡಿಸದೆ ಅದನ್ನು ಮನರಂಜನೆ ಎಂದು ವರ್ಗೀಕರಿಸಿದರೆ ಅರ್ಧ ಸತ್ಯವಷ್ಟೇ ದಕ್ಕೀತು. ಅವರ ಕತೆಯ ಮುದ್ರಿತ ಪಠ್ಯದಲ್ಲಿ ಅವರ ಮಾತುಗಳಿವೆ, ಅದು ದೊಡ್ಡ ಕೆಲಸವೇ. ಹಿಮ್ಮೇಳದವರು ಉಸಿರು ತೆಗೆದುಕೊಂಡ ಜಾಗ, ಕೇಳುಗರ ಹೂಂಗುಟ್ಟುವಿಕೆ, ಕೊನೆಗೆ ಮೊರಕ್ಕೆ ಬಿದ್ದ ಕಾಳು ಅಲ್ಲಿ ಕಾಣಲಾರವು.

ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಕೆತ್ತನೆಯಲ್ಲೂ ಬೇಟೆ, ಕುಣಿತ, ಕುಸ್ತಿ ಇವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನವರಾತ್ರಿಯ ಜಟ್ಟಿಗಳನ್ನೂ ಪಂಜಿನ ಬೆಳಕನ್ನೂ ಬಣ್ಣಿಸಿದ್ದಾನೆ. ಪಂಜು ಹಿಡಿದು ನಿಂತವರಿಗೆ ಆ ರಾತ್ರಿ ಹೇಗಿತ್ತು? ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು.

ಕಾಲದ ತಾಳವನ್ನೂ ಗಮನಿಸಬೇಕು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಕಾಲುವೆ ನೀರು ಬಂದ ಗದ್ದೆಗಳಲ್ಲಿ ಎರಡನೆಯ ಭತ್ತಕ್ಕೂ ದಾರಿಯಾಯಿತು. 1970ರ ದಶಕದಲ್ಲಿ ಸಂಡೂರಿನ ದೋಣಿಮಲೈ ಗಣಿ ಶುರುವಾಯಿತು. ಬೆಳಗಿನ ಪಾಳಿಗೆ ಹೋಗಬೇಕಾದವನು ಇಡೀ ರಾತ್ರಿ ಬಯಲಾಟ ನೋಡುವುದು ಹೇಗೆ? ಆಟ ಮೊಟಕಾದದ್ದಕ್ಕೆ ಟಿವಿಯನ್ನೇ ದೂರುವ ಮೊದಲು ನೀರಿನ ಸರದಿ, ಗಣಿಯ ಪಾಳಿ ಎರಡನ್ನೂ ಬಯಲಾಟದ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ವಾದ.

ರೀಮಿಕ್ಸ್‌ನಲ್ಲಿ ಅನ್ಯಾಯವೂ ನಡೆಯುತ್ತದೆ. ಮೂಲ ನುಡಿಸಿದವನ ಹೆಸರು ಅಳಿದು ಬೆರೆಸಿದವನದು ಉಳಿಯುವುದುಂಟು. ಡಿಜೆ ಪೆಟ್ಟಿಗೆಯಲ್ಲಿ ಮೊಳಗುವ ಹಲಗೆಯ ಪೆಟ್ಟು ಯಾರದೋ ಕೈಯದು. ಸಂಶೋಧಕರಾದ ನಾವೂ ಹಾಗೇ ಮಾಡಬಾರದು. ಹೊಸಪೇಟೆ, ಹಂಪಿಯ ಸುತ್ತ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು: ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಕೇಳಿ, ಸಂಭಾವನೆ ಮಾತಾಡಿ, ಹಿಮ್ಮೇಳದ ಪ್ರತಿಯೊಬ್ಬರ ಹೆಸರನ್ನೂ ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಒಂದು ಪ್ರತಿ ಅವರ ಮನೆಗೆ ತಲುಪಲಿ.