ಆಟದ ಗದ್ದೆಯಲ್ಲಿ ಕುರ್ಚಿ ಎಷ್ಟು ಬೇಕು?

 

ಇವತ್ತಿನ ವಿಷಯ ಕುರ್ಚಿ. ರಾಜಕೀಯದ ಕುರ್ಚಿ ಅಲ್ಲ ಮಾರ್ರೆ. ಶಾಮಿಯಾನದ ಅಂಗಡಿಯಿಂದ ಪಿಕಪ್‌ನಲ್ಲಿ ಬರುತ್ತಲ್ಲ, ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ ಪ್ಲಾಸ್ಟಿಕ್ ಕುರ್ಚಿ, ಅದು. ಬಯಲಾಟಕ್ಕೆ ಈ ಕುರ್ಚಿಗಳನ್ನು ಬಾಡಿಗೆಗೆ ತರೋದು ಅಂದ್ರೆ ಏನು, ದುಡ್ಡು ಯಾರ ಕಿಸೆಯಿಂದ ಹೋಗುತ್ತೆ, ಅದರಿಂದ ಆಟ ನೋಡುವ ರೀತಿಯೇ ಹೇಗೆ ಬದಲಾಯ್ತು, ಇಷ್ಟು ಮಾತಾಡುವ.

ಮೊದಲು ಒಂದು ಹೋಲಿಕೆ. ಅಮೆರಿಕದ ಶಿಕಾಗೋ ಹತ್ತಿರ ರವೀನಿಯಾ ಅಂತ ಒಂದು ಜಾಗ ಇದೆ. 1936ರಿಂದ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾದವರ ಬೇಸಿಗೆ ಕಛೇರಿಗಳು ಅಲ್ಲೇ ಆಗೋದು. ಜನ ಬುತ್ತಿ ಕಟ್ಟಿಕೊಂಡು ಬಂದು, ಹುಲ್ಲಿನ ಮೇಲೆ ಕೂತು, ಉಣ್ತಾ ತಿನ್ತಾ ಸಂಗೀತ ಕೇಳ್ತಾರೆ. ಕುರ್ಚಿ, ಮೇಜು ಬೇಕಾದವರು ಅಲ್ಲೇ ಬಾಡಿಗೆಗೆ ತಗೊಳ್ಳಬಹುದು. ಕೂರುವವನೇ ದುಡ್ಡು ಕೊಡ್ತಾನೆ. ಬೇಡದವನು ಚಾದರ ಹಾಸಿ ಕೂರ್ತಾನೆ. ಲೆಕ್ಕ ಸರಳ.

ಬಯಲು, ರಾತ್ರಿ, ಚಾಪೆ, ಚರುಂಬುರಿ, ಚಾ, ಮನೆಮಂದಿ ಎಲ್ಲ ಸೇರಿ ಹೋಗೋದು. ಇದು ನಮಗೇನೂ ಹೊಸತಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರೂ ತಾಲೂಕಲ್ಲಿ ನವೆಂಬರ್‌ನಿಂದ ಮೇ ತನಕ ದಿನಾ ರಾತ್ರಿ ಎಲ್ಲಾದರೂ ಒಂದು ಕಡೆ ಆಟ ಇದ್ದೇ ಇರುತ್ತೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಹೀಗೆ ದೇವಸ್ಥಾನದ ಮೇಳಗಳ ಹರಕೆ ಆಟ. "ಆಟಕ್ ಹೋಪ, ಬತ್ರ್ಯಾ?" ಅಂತ ಕೇಳಿದ್ರೆ ಟಿಕೆಟ್ ಎಷ್ಟು ಅಂತ ಯಾರೂ ಕೇಳಲ್ಲ. ಯಾಕಂದ್ರೆ ಟಿಕೆಟ್ಟೇ ಇಲ್ಲ. ಹರಕೆ ಹೊತ್ತವರು ದೇವಸ್ಥಾನಕ್ಕೆ ಆಟದ ವೀಳ್ಯ ಕಟ್ಟಿ, ವರ್ಷಗಟ್ಟಲೆ ಕಾದು, ತಮ್ಮ ಸರದಿ ಬಂದಾಗ ಆಟ ಆಡಿಸ್ತಾರೆ. ಊರಿಗೆಲ್ಲ ಅದು ಪುಕ್ಕಟೆ.

ಆದರೆ ಕುರ್ಚಿ ಪುಕ್ಕಟೆ ಅಲ್ಲ. ಇವತ್ತಿನ ಕಥೆ ಇರೋದು ಇಲ್ಲೇ.

ಮೊದಲು ಕೂರೋದು ಹೇಗಿತ್ತು

ಹಳೆಯ ಬಯಲಾಟದ ರಂಗಸ್ಥಳ ಅಂದ್ರೆ ಕೊಯ್ಲಾದ ಗದ್ದೆ, ಅದರಲ್ಲಿ ನಾಲ್ಕು ಕಂಬ, ಮೇಲೆ ಮಾವಿನ ತೋರಣ. ವೇಷ ಕುಣಿಯೋದೂ ನೆಲದ ಮೇಲೆ, ಜನ ಕೂರೋದೂ ನೆಲದ ಮೇಲೆ, ಮೂರು ಸುತ್ತಲೂ. ಮಕ್ಕಳು ಎಲ್ಲರಿಗಿಂತ ಮುಂದೆ. ನಿದ್ದೆ ಬಂದ್ರೆ ಅಲ್ಲೇ ಅಮ್ಮನ ತೊಡೆ ಮೇಲೆ ತಲೆ ಇಟ್ಟು ಮಲಗೋದು, ರಾಕ್ಷಸ ವೇಷದ ಬೊಬ್ಬೆ ಕೇಳಿದಾಗ ಏಳೋದು.

ಆಮೇಲೆ ಟಿಕೆಟ್ ಇಡುವ ಡೇರೆ ಮೇಳಗಳು ಬಂದವು. ನಮ್ಮ ಕಡೆಯ ಸಾಲಿಗ್ರಾಮ, ಪೆರ್ಡೂರು ಮೇಳಗಳ ಹೆಸರು ಗೊತ್ತಿಲ್ಲದವರು ಯಾರು? ಡೇರೆ ಆಟದಲ್ಲಿ ಕೂರುವ ಜಾಗಕ್ಕೆ ತಕ್ಕ ದರ. ನೆಲಕ್ಕೆ ಕಡಿಮೆ, ಕುರ್ಚಿಗೆ ಜಾಸ್ತಿ, ತೀರಾ ಮುಂದಿನ ಆರಾಮ ಕುರ್ಚಿಗೆ ಇನ್ನೂ ಜಾಸ್ತಿ. ಕುರ್ಚಿ ಮತ್ತು ದುಡ್ಡಿನ ಸಂಬಂಧ ಅಲ್ಲಿ ಬೋರ್ಡ್ ಬರೆದು ಹಾಕಿದಷ್ಟು ಸ್ಪಷ್ಟ. ನೆಲದಲ್ಲಿ ಕೂತವನಿಗೂ ಗೊತ್ತು, ತಾನು ಯಾಕೆ ಇಲ್ಲಿದ್ದೇನೆ ಅಂತ.

ಬಯಲಾಟಕ್ಕೆ ಕುರ್ಚಿ ಬಂದದ್ದು ಪ್ಲಾಸ್ಟಿಕ್ ಕುರ್ಚಿಯ ಜೊತೆ. ಒಂದೇ ಅಚ್ಚಿನಲ್ಲಿ ಹೊಯ್ದು ತೆಗೆಯುವ ಈ ಕುರ್ಚಿಗೆ ಹೆಸರು ತಂದುಕೊಟ್ಟದ್ದು 1972ರಲ್ಲಿ ಫ್ರಾನ್ಸ್‌ನ ಆನ್ರಿ ಮಾಸೋನೆ ಮಾಡಿದ ಒಂದು ಮಾದರಿ. ಆಮೇಲೆ ಅದು ಪ್ರಪಂಚವೆಲ್ಲ ಹರಡಿತು. ಹಗುರ, ಅಗ್ಗ, ಒಂದರೊಳಗೊಂದು ಸೇರಿಸಿ ಪೇರಿಸಬಹುದು. ಕಬ್ಬಿಣದ ಮಡಚು ಕುರ್ಚಿ ಹೊತ್ತು ಸುಸ್ತಾಗಿದ್ದ ಶಾಮಿಯಾನದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೆಂತ ಬೇಕು?

ಅಂಗಡಿಯವರ ಲೆಕ್ಕ

ನಾನು ಬಿಕಾಂ ಓದಿದವ. ಹಾಗಾಗಿ ಕುರ್ಚಿ ಕಂಡ್ರೂ ಲೆಕ್ಕ ಹಾಕಬೇಕು ಅನ್ಸುತ್ತೆ. ಈಗ ಹೇಳೋದೆಲ್ಲ ಉದಾಹರಣೆಯ ಅಂಕಿ. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಮಾತ್ರ ಇದೇ.

ಒಂದು ಕುರ್ಚಿಗೆ 600 ರೂಪಾಯಿ ಕೊಟ್ಟು ತಂದರು ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ ಬಾಡಿಗೆ 10 ರೂಪಾಯಿ. 60 ಸಲ ಹೊರಗೆ ಹೋದ್ರೆ ಅಸಲು ಬಂತು ಅಂತ ಅನ್ಸುತ್ತೆ. ಆದರೆ ಹೇರುವ ಇಳಿಸುವ ಹುಡುಗರ ಸಂಬಳ, ತೊಳೆಯೋದು, ಮುರಿದದ್ದು, ಕಾಣೆಯಾದದ್ದು, ಇವೆಲ್ಲ ಸೇರಿ ಅರ್ಧ ಹೋಯ್ತು ಅಂದ್ರೆ 120 ಸಲ ಬೇಕು. ವರ್ಷಕ್ಕೆ 60 ಸಲ ಹೊರಟ್ರೆ ಎರಡು ವರ್ಷ.

ನಮ್ಮ ಕರಾವಳಿಯಲ್ಲಿ ವರ್ಷ ಅಂದ್ರೆ ಹನ್ನೆರಡು ತಿಂಗಳಲ್ಲ. ಜೂನ್‌ನಿಂದ ಮಳೆ. ಆಗ ಬಯಲಲ್ಲಿ ಏನೂ ಇಲ್ಲ, ಕುರ್ಚಿಯೆಲ್ಲ ಗೋಡೌನ್‌ನಲ್ಲಿ. ಫೆಬ್ರವರಿಯಿಂದ ಮೇ ತನಕ ಎಲ್ಲವೂ ಒಟ್ಟಿಗೆ. ಮದುವೆ, ಗೃಹಪ್ರವೇಶ, ಜಾತ್ರೆ, ಕೋಲ, ಬ್ರಹ್ಮಕಲಶ, ಆಟ. ಮಧ್ಯಾಹ್ನ ಮದುವೆ ಊಟಕ್ಕೆ ಹೋದ ಕುರ್ಚಿ ಸಂಜೆ ಆಟದ ಗದ್ದೆಗೆ ಬಂದ್ರೆ ಅಂಗಡಿಯವರಿಗೆ ಒಂದೇ ದಿನ ಎರಡು ಬಾಡಿಗೆ. ಅದಕ್ಕೇ ಸಂಜೆ ಕುರ್ಚಿ ತಡವಾಗಿ ಬರೋದು. ಸೋಮಾರಿತನ ಅಂತ ಬೈಯುವ ಮೊದಲು ಇದು ಗೊತ್ತಿರಲಿ.

ಇನ್ನು ಗದ್ದೆ. ಸಭಾಭವನದ ಟೈಲ್ಸ್ ಮೇಲೆ ಹತ್ತು ವರ್ಷ ಬಾಳುವ ಕುರ್ಚಿ ಗದ್ದೆಯಲ್ಲಿ ಬೇಗ ಕಾಲು ಮುರ್ಕೊಳ್ಳುತ್ತೆ. ನೆಲ ಸಮ ಇರಲ್ಲ. ಕೊಯ್ದ ಭತ್ತದ ಕೂಳೆ, ಮೆತ್ತಗಿನ ಮಣ್ಣು. ಒಂದು ಕಾಲು ಹೂತಿತು ಅಂದ್ರೆ ಇಡೀ ಭಾರ ಇನ್ನೊಂದು ಕಾಲಿಗೆ. ಹಗಲೆಲ್ಲ ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ವರ್ಷ ಕಳೆದ ಹಾಗೆ ಪೆಡಸಾಗುತ್ತೆ, ಲಟಕ್ಕನೆ ಮುರಿಯುತ್ತೆ. ಸಿದ್ದಾಪುರ, ಅಮಾಸೆಬೈಲಿನಂಥ ಘಟ್ಟದ ಬುಡದ ಊರಿಗಾದ್ರೆ ಪಿಕಪ್ ಬಾಡಿಗೆಯೇ ಕುರ್ಚಿ ಬಾಡಿಗೆಯ ಹತ್ತಿರ ಬಂದು ನಿಲ್ಲಬಹುದು.

ಹಾಗಾಗಿ ತುಂಬಾ ಕಡೆ ಯುವಕ ಮಂಡಲ, ಭಜನಾ ಮಂದಿರ, ದೇವಸ್ಥಾನದವರು ತಾವೇ ಕುರ್ಚಿ ಮಾಡಿಟ್ಟಿದ್ದಾರೆ. ಬೆನ್ನಿಗೆ ಪೇಂಟಲ್ಲಿ ಹೆಸರು ಬರೆದಿರುತ್ತೆ, ನೋಡಿರಬಹುದು. ಊರವರಿಗೆ ಕಡಿಮೆ ದರ. ಸಾಲದೇ ಹೋದ್ರೆ ಮಾತ್ರ ಅಂಗಡಿಗೆ ಫೋನ್.

ಆಟ ಆಡಿಸುವವರ ಲೆಕ್ಕ

ಈಗ ಆ ಕಡೆಯಿಂದ ನೋಡುವ. ಹರಕೆ ಹೊತ್ತ ಮನೆ. ವೀಳ್ಯ ಕಟ್ಟಿ ಆಯ್ತು. ಮೇಳದವರ ಊಟ, ಬಂದವರ ಊಟ, ಶಾಮಿಯಾನ, ಲೈಟು, ಚೌಕಿಗೆ ಜಾಗ, ಊಟಕ್ಕೆ ಬಡಿಸುವ ಮೇಜು. ಕೊನೆಗೆ ಅಂಗಡಿಯವರು ಕೇಳ್ತಾರೆ, ಕುರ್ಚಿ ಎಷ್ಟು?

ಇಲ್ಲಿ ಮನೆಯವರಿಗೆ ಎರಡು ಹೆದರಿಕೆ. ಕುರ್ಚಿ ಸಾಲದೆ ನೆಂಟರು ನಿಂತು ಆಟ ನೋಡಿದ್ರೆ ನಾಚಿಕೆ. ಮಾತಿಗೆ ಸಿಗುತ್ತೆ. "ಬಂದವರಿಗೆ ಕೂಕಣುಕೆ ಒಂದು ಕುರ್ಚಿ ಇಲ್ಲ" ಅಂತ ಯಾರಾದ್ರೂ ಅಂದುಬಿಟ್ರೆ? ಆ ಹೆದರಿಕೆಯಲ್ಲಿ 200 ಸಾಕಾಗುವಲ್ಲಿ 400 ಅಂತಾರೆ.

ಲೆಕ್ಕ ಮುಂದುವರಿಸುವ. 400 ಕುರ್ಚಿಗೆ 4,000 ರೂಪಾಯಿ. ಪಿಕಪ್ಪಿಗೆ 1,500. ಒಟ್ಟು 5,500. ಊಟದ ಹೊತ್ತಿಗೆ ಕುರ್ಚಿ ಭರ್ತಿ. ಹನ್ನೊಂದು ಗಂಟೆಗೆ ಅರ್ಧ. ಎರಡು ಗಂಟೆಗೆ ಗಟ್ಟಿ ಪ್ರೇಕ್ಷಕರು 110 ಜನ ಉಳಿದ್ರು ಅನ್ನಿ. ಆ ಹೊತ್ತಿಗೂ ಕೂತು ಆಟ ನೋಡುವವರ ತಲೆಗೆ ಹಂಚಿದ್ರೆ 10 ರೂಪಾಯಿ ಕುರ್ಚಿ 50 ರೂಪಾಯಿ ಆಯ್ತು. ದೊಡ್ಡ ಮನೆಗೆ ಇದು ದೊಡ್ಡ ಮಾತಲ್ಲ. ಆದರೆ ಮುಂಬೈಯ ಹೋಟೆಲಲ್ಲಿ ದುಡಿದು, ಅಮ್ಮನ ಹರಕೆ ತೀರಿಸಬೇಕು ಅಂತ ಪೈಸೆಗೆ ಪೈಸೆ ಕೂಡಿಟ್ಟವನಿಗೆ ಇಂಥ ಸಣ್ಣ ಸಣ್ಣ ಬಾಬ್ತು ಸೇರಿಯೇ ಸಾಲ ಆಗೋದು.

ಎರಡನೇ ಹೆದರಿಕೆ ಗೊತ್ತಾಗೋದು ನಡುರಾತ್ರಿ ಮೇಲೆ. ಖಾಲಿ ಕುರ್ಚಿ ಕಾಣುತ್ತೆ.

ಚಾಪೆ ಹಾಗಲ್ಲ ನೋಡಿ. ಜನ ಬಂದಷ್ಟು ನೆಲ ತುಂಬುತ್ತೆ, ಹೋದಷ್ಟು ಮಡಚಿಕೊಳ್ಳುತ್ತೆ. ಐವತ್ತು ಜನ ಉಳಿದ್ರೆ ಆ ಐವತ್ತು ಜನವೂ ರಂಗಸ್ಥಳದ ಹತ್ತಿರ ಸರೀತಾರೆ, ಆಟ ತುಂಬಿದ ಹಾಗೇ ಇರುತ್ತೆ. ಚಾಪೆಯಲ್ಲಿ ಖಾಲಿ ಅನ್ನೋದೇ ಇಲ್ಲ. ಕುರ್ಚಿ ಮಾತ್ರ ಎದ್ದು ಹೋದ ಪ್ರತಿಯೊಬ್ಬನ ಲೆಕ್ಕ ಹಿಡಿದು ಅಲ್ಲೇ ನಿಂತಿರುತ್ತೆ. ಅದನ್ನು ನೋಡ್ತಾ ಕುಣಿಯೋರು ಯಾರು? ಮನೆಯವರಲ್ಲ, ನಾವಲ್ಲ. ಬೆಳಗಿನ ಜಾವದ ವೇಷಕ್ಕೆ ಬಣ್ಣ ಹಚ್ಚಿ ಕಾದು ಕೂತ ಕಲಾವಿದ. ದೂರದಲ್ಲಿ ನಾಲ್ಕು ತಲೆ, ನಡುವೆ ಮಂಜು ಬಿದ್ದು ಒದ್ದೆಯಾದ ಮುನ್ನೂರು ಕುರ್ಚಿ. ಅವನು ಅದರ ಎದುರು ಪದ ಕುಣೀಬೇಕು.

ಯಾರಿಗೆ ಕಾಣುತ್ತೆ, ಯಾರಿಗಿಲ್ಲ

ಇನ್ನೊಂದು ವಿಷಯ ಕಣ್ಣಿನ ಎತ್ತರದ್ದು. ನಮ್ಮ ಬಡಗುತಿಟ್ಟಿನ ಆಟದ ಜೀವ ಕಾಲಿನಲ್ಲಿ ಇದೆ. ಮಂಡಿ ಊರಿ ಗಿರಗಿರ ಸುತ್ತುವಾಗ ವೇಷ ಇರೋದೇ ನೆಲಮಟ್ಟದಲ್ಲಿ. ರಂಗಸ್ಥಳ ತಗ್ಗಿದ್ದು, ಮೊದಲ ಸಾಲಿಗೇ ಕುರ್ಚಿ ಹಾಕಿದ್ರೆ ಹಿಂದಿನವರಿಗೆ ಕಿರೀಟ ಕಾಣುತ್ತೆ, ಕಾಲು ಕಾಣಲ್ಲ. ಮಕ್ಕಳಿಗೆ ಏನೂ ಕಾಣಲ್ಲ. ಆಗ ಮಗು ಏನು ಮಾಡುತ್ತೆ? ಅಪ್ಪನ ಮೊಬೈಲ್ ತೆಗೆಯುತ್ತೆ. ಮಕ್ಕಳು ಆಟ ನೋಡಲ್ಲ ಅಂತ ನಾವು ಬೇಜಾರು ಮಾಡ್ಕೊಳ್ತೇವೆ. ಅವರು ಕೂರ್ತಿದ್ದ ಜಾಗಕ್ಕೆ ಮೊದಲು ಕುರ್ಚಿ ಹಾಕಿದ್ದು ನಾವೇ ಅಲ್ವಾ?

ಅಮೆರಿಕದ ಕೆಲವು ಹುಲ್ಲುಬಯಲಿನ ಕಛೇರಿಗಳಲ್ಲಿ ಎತ್ತರದ ಕುರ್ಚಿ ತರೋ ಹಾಗಿಲ್ಲ, ನೆಲಕ್ಕೆ ತಾಗಿದ ಹಾಗಿರುವ ತಗ್ಗು ಕುರ್ಚಿ ಮಾತ್ರ. ಹಿಂದೆ ಕೂತವನಿಗೂ ಕಾಣಬೇಕು, ಅಷ್ಟೇ ನಿಯಮ. ನಮಗೆ ನಿಯಮದ ಬೋರ್ಡ್ ಬೇಡ. ಸಾಲು ಸರಿಯಾಗಿ ಹಾಕಿದ್ರೆ ಸಾಕು.

ಹಾಗಂತ ಕುರ್ಚಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಮಂಡಿನೋವಿರುವ ಅಮ್ಮಮ್ಮನಿಗೆ ನೆಲದಲ್ಲಿ ಕೂರಿ ಅನ್ನೋಕಾಗುತ್ತಾ? ಎಷ್ಟೋ ಹಿರಿಯರು ಆಟ ಬಿಡದೆ ನೋಡೋಕೆ ಆಗ್ತಿರೋದೇ ಈ ಪ್ಲಾಸ್ಟಿಕ್ ಕುರ್ಚಿಯಿಂದ. ಬಸುರಿಯರಿಗೆ, ಬೆನ್ನುನೋವಿನವರಿಗೆ, ದಿನವಿಡೀ ನಿಂತು ಕೆಲಸ ಮಾಡಿ ಬಂದವರಿಗೆ ಕುರ್ಚಿ ಬೇಕೇ ಬೇಕು. ಕುರ್ಚಿ ಬೇಕಾದವರಿಗೆ ಸಿಗಲಿ. ಲೆಕ್ಕ ತೋರಿಸೋಕೆ ಬೇಡ.

ಹಾಗಾದ್ರೆ ಎಂತ ಮಾಡುವ?

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಈ ಸಲ ಆಟ ಇದ್ರೆ, ಕುರ್ಚಿಯ ಜವಾಬ್ದಾರಿ ನಿಮ್ಮಂಥ ಹುಡುಗರ ತಲೆಗೇ ಬರೋದು. ಹಾಗಾಗಿ ಕೇಳಿ.

ಒಂದು, ಆಟ ಕಾಲಮಿತಿಯದ್ದೋ, ಇಡೀ ರಾತ್ರಿಯದ್ದೋ ಅಂತ ಮೊದಲೇ ಅಂಗಡಿಗೆ ಹೇಳಿ. ಹನ್ನೆರಡೂವರೆಗೆ ಮಂಗಳ ಆಗುವ ಆಟಕ್ಕೂ ಬೆಳಗಿನ ತನಕದ ಆಟಕ್ಕೂ ಕುರ್ಚಿ ವಾಪಸ್ ಒಯ್ಯುವ ಹೊತ್ತು ಬೇರೆ. ಮರುದಿನ ಮಧ್ಯಾಹ್ನ ಆ ಕುರ್ಚಿ ಇನ್ನೊಂದು ಮದುವೆಗೆ ಹೋಗೋಕಿರಬಹುದು.

ಎರಡು, ಊಟದ ಲೆಕ್ಕ ಬೇರೆ, ಆಟದ ಲೆಕ್ಕ ಬೇರೆ ಮಾಡಿ. ಊಟಕ್ಕೆ ಪಂಕ್ತಿಯಲ್ಲಿ ಬಂದು ಹೋಗ್ತಾರೆ, ಅದೇ ಕುರ್ಚಿ ಮತ್ತೆ ಸಿಗುತ್ತೆ. ಊಟ ಮುಗಿದ ಮೇಲೆ ಅವನ್ನೇ ಗದ್ದೆಗೆ ಒಯ್ದು ಹಾಕಿದ್ರೆ ಎರಡು ಸಲ ತರಿಸೋದು ಬೇಡ. ನಾಲ್ಕು ಜನ ಹುಡುಗರಿದ್ರೆ ಅರ್ಧ ಗಂಟೆಯ ಕೆಲಸ.

ಮೂರು, ರಂಗಸ್ಥಳದ ಎದುರು ಒಂದಷ್ಟು ಜಾಗ ಚಾಪೆಗೆ ಬಿಡಿ. ಟಾರ್ಪಾಲ್ ಹಾಸಿ, ಅದರ ಮೇಲೆ ಚಾಪೆ. ಅದು ಮಕ್ಕಳದ್ದು, ಕೂರಬಲ್ಲವರದ್ದು. ಅದರ ಹಿಂದೆ ಕುರ್ಚಿ. ಹಿರಿಯರ ಕುರ್ಚಿ ಬದಿಯ ಎರಡು ಸಾಲಿಗೆ ಹಾಕಿದ್ರೆ ನಡುರಾತ್ರಿ ಎದ್ದು ಹೋಗೋಕೂ ಅವರಿಗೆ ಸುಲಭ.

ನಾಲ್ಕು, ಎಲ್ಲ ಕುರ್ಚಿ ಒಮ್ಮೆಗೇ ಬಿಡಿಸಿ ಹಾಕಬೇಡಿ. ಅರ್ಧ ಹಾಕಿ, ಉಳಿದದ್ದು ಬದಿಯಲ್ಲಿ ಪೇರಿಸಿ ಇಡಿ. ಬೇಕಾದವರು ತಗೊಳ್ತಾರೆ. ಜನ ಕಡಿಮೆ ಆದ ಹಾಗೆ ಹಿಂದಿನ ಸಾಲು ತೆಗೆದು ಪೇರಿಸ್ತಾ ಬನ್ನಿ. ಖಾಲಿ ಕುರ್ಚಿ ಕಾಣಲ್ಲ, ಬೆಳಿಗ್ಗೆ ಹೇರೋಕೂ ಸುಲಭ, ಮಂಜಿಗೆ ಒದ್ದೆಯಾಗೋದೂ ಕಡಿಮೆ.

ಐದು, ಇಳಿಸುವಾಗ ಒಮ್ಮೆ ಎಣಿಸಿ, ಹೇರುವಾಗ ಒಮ್ಮೆ ಎಣಿಸಿ. ಮೊದಲೇ ಮುರಿದದ್ದಿದ್ರೆ ಆಗಲೇ ಫೋಟೋ ತೆಗೆದು ಅಂಗಡಿಯವರಿಗೆ ವಾಟ್ಸಾಪ್ ಮಾಡಿ. ದೇವಸ್ಥಾನದ ಕುರ್ಚಿ, ಅಂಗಡಿ ಕುರ್ಚಿ ಬೆರೆತರೆ ಬೆಳಗಿನ ಜಗಳಕ್ಕೆ ಅಷ್ಟೇ ಸಾಕು. ಬೆನ್ನಿನ ಹೆಸರು ನೋಡಿ ಬೇರೆ ಮಾಡಿ.

ಆಟ ನೋಡೋಕೆ ಬರೋರಿಗೂ ಒಂದು ಮಾತು. ಬರುವಾಗ ಒಂದು ಚಾಪೆ ಹಿಡ್ಕೊಂಡು ಬನ್ನಿ. ಬೈಕಿನಲ್ಲಿ ಬಂದ್ರೂ ಮಡಚಿ ಸಿಗಿಸಬಹುದು. ಆಡಿಸುವ ಮನೆಗೆ ನಿಮ್ಮಿಂದ ಒಂದು ಕುರ್ಚಿಯ ಖರ್ಚು ಕಡಿಮೆ ಆಯ್ತು, ರಂಗಸ್ಥಳಕ್ಕೆ ನೀವು ನಾಲ್ಕು ಮಾರು ಹತ್ತಿರ ಆದ್ರಿ. ಕುರ್ಚಿ ತಗೊಂಡ್ರೆ ಹೋಗುವಾಗ ಅದನ್ನು ರಾಶಿಗೆ ಸೇರಿಸಿ ಹೋಗಿ. ಇನ್ನೂ ಒಳ್ಳೆಯದು ಅಂದ್ರೆ, ಮುಂದೆ ಖಾಲಿ ಆದಾಗ ಎದ್ದು ಮುಂದಕ್ಕೆ ಬಂದು ಕೂರಿ. ಬೆಳಗಿನ ಜಾವ ಬಣ್ಣ ಹಚ್ಚಿ ಬಂದವನಿಗೆ ಎದುರು ನಾಲ್ಕು ಮುಖವಾದರೂ ಕಾಣಲಿ.

ನಿಮ್ಮೂರಲ್ಲಿ ಕುರ್ಚಿ ಹೇಗೆ ಹಾಕ್ತಾರೆ, ದರ ಎಷ್ಟು ನಡೀತಿದೆ, ಚಾಪೆಗೆ ಜಾಗ ಬಿಡ್ತಾರಾ? ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ. ಶಾಮಿಯಾನದ ಕೆಲಸ ಮಾಡುವ ಹುಡುಗರು ಕೇಳ್ತಿದ್ರೆ ನೀವು ಖಂಡಿತ ಕಳಿಸಿ, ನಾನು ಬಿಟ್ಟದ್ದು ನಿಮಗೆ ಗೊತ್ತಿರುತ್ತೆ. ಮುಂದಿನ ಕಂತಿನಲ್ಲಿ ಆಟದ ಗದ್ದೆಯ ಚಾ ಅಂಗಡಿ ಲೆಕ್ಕ. ಅಲ್ಲಿವರೆಗೆ, ಬತ್ತೆ ಅಕಾ.